ಸಂಘದ ಕಂಪ್ಯೂಟರ್ ಖಾತೆ: ಬಳಸದ ಕೀಲಿಕೈಗಳನ್ನು ಮುಚ್ಚುವ ಪಾಠ

ಸದಸ್ಯ ಬಾಂಧವರಿಗೆ ತಿಳಿದಿರುವಂತೆ, ನೌಕರರೊಬ್ಬರು ಕೆಲಸ ಬಿಟ್ಟು ಹೋಗುವಾಗ ಅವರ ವಶದಲ್ಲಿರುವ ಸಂಘದ ಸೊತ್ತನ್ನೆಲ್ಲ ಹಿಂದಕ್ಕೆ ಪಡೆದು, ವಹಿಯಲ್ಲಿ ಬರೆದು, ಇಬ್ಬರ ಸಹಿ ಹಾಕಿಸುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ತಿಜೋರಿಯ ಜೋಡಿ ಕೀಲಿಕೈಗಳಲ್ಲೊಂದು, ಗೋದಾಮಿನ ಕೀಲಿಕೈ, ರಸೀದಿ ಪುಸ್ತಕ, ಮೊಹರು, ಕೊನೆಗೆ ಸೈಕಲ್ಲಿನ ಕೀಲಿಕೈವರೆಗೆ ಯಾವುದನ್ನೂ ನಾವು ಬಿಡುವವರಲ್ಲ. ಹೀಗಿದ್ದೂ ಒಂದು ಕೀಲಿಕೈಯನ್ನು ನಾವು ಹದಿನಾಲ್ಕು ತಿಂಗಳು ಮರೆತಿದ್ದೆವು. ಅದು ಕಬ್ಬಿಣದ್ದಲ್ಲ, ಜೇಬಿನಲ್ಲಿಟ್ಟುಕೊಳ್ಳುವಂಥದ್ದೂ ಅಲ್ಲ. ಆದರೆ ಸಂಘದ ಎಲ್ಲ ಸದಸ್ಯರ ತೂಕದ ಚೀಟಿ, ಸಾಲದ ಬಾಕಿ, ಬ್ಯಾಂಕ್ ಖಾತೆಯ ಸಂಖ್ಯೆ ಇಷ್ಟನ್ನೂ ತೆರೆದು ತೋರಿಸಬಲ್ಲ ಕೀಲಿಕೈ. ಮರೆತ ತಪ್ಪು ಕಚೇರಿಯದು, ಎಂದರೆ ನಮ್ಮದು. ಅದರಿಂದ ಕಲಿತುದನ್ನು ಈ ಸಂಚಿಕೆಯಲ್ಲಿ ಸದಸ್ಯರ ಮುಂದಿಡುತ್ತಿದ್ದೇವೆ.

ಇಳಕಲ್ಲಿನಲ್ಲಿ ಕೇಳಿದ ಮಾತು

ಕಳೆದ ಸೆಪ್ಟೆಂಬರಿನ ಕೊನೆಯ ವಾರದಲ್ಲಿ, ಅಡಕೆಗೆ ಮದ್ದು ಹೊಡೆಯುವ ಕೆಲಸ ಮುಗಿದು ಕೊಯ್ಲು ಇನ್ನೂ ಶುರುವಾಗದಿದ್ದ ಬಿಡುವಿನಲ್ಲಿ, ಸಂಘದ ವತಿಯಿಂದ ಬಯಲುಸೀಮೆಗೆ ಒಂದು ಅಧ್ಯಯನ ಪ್ರವಾಸ ಹೋಗಿದ್ದುದು ಹಲವರ ನೆನಪಿನಲ್ಲಿರಬಹುದು. ಗದಗಿನ ಬಳಿಯ ಕಣಗಿನಹಾಳದಲ್ಲಿ ಮೊದಲು ಇಳಿದೆವು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘ ಹುಟ್ಟಿದ ಊರು ಅದು. ಅಲ್ಲಿಂದ ಬಾದಾಮಿಯ ಗುಹೆಗಳನ್ನು ನೋಡಿಕೊಂಡು, ಹುನಗುಂದ ಸೀಮೆಯ ಐಹೊಳೆಗೆ ಹೋಗಿ, ಮೂರನೆಯ ದಿನ ಇಳಕಲ್ಲಿಗೆ ಸೀರೆ ನೇಯ್ಗೆ ನೋಡಲು ಬಂದೆವು.

ಇಳಕಲ್ಲಿಗೆ ಹೋಗಲು ಇನ್ನೊಂದು ಕಾರಣವೂ ಇತ್ತು. ನಮ್ಮ ಸಂಘದಲ್ಲಿ ನಾಲ್ಕು ವರ್ಷ ಕಂಪ್ಯೂಟರ್ ಕೆಲಸ ನೋಡಿಕೊಂಡು, ಲೆಕ್ಕಪತ್ರವನ್ನೆಲ್ಲ ಕಾಗದದಿಂದ ಯಂತ್ರಕ್ಕೆ ಏರಿಸಿದ ತರುಣ ಆ ಊರಿನವನು. ತಂದೆಗೆ ವಯಸ್ಸಾಗಿ ಮಗ್ಗ ನೋಡುವವರಿಲ್ಲವೆಂದು ಊರಿಗೆ ಮರಳಿದ್ದ. ನಮ್ಮನ್ನೆಲ್ಲ ಮನೆಗೆ ಕರೆದು ಚಹಾ ಕೊಟ್ಟು, ತಂದೆ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ಬಗೆಯನ್ನು ತೋರಿಸುತ್ತಿದ್ದಾಗ, ಆತ ನಮ್ಮನ್ನು ಪಕ್ಕಕ್ಕೆ ಕರೆದ.

ಒಂದು ತಿಂಗಳ ಹಿಂದೆ ತಂಗಿಗೆ ಕೊಡಲೆಂದು ಹಳೆಯ ಲ್ಯಾಪ್‌ಟಾಪನ್ನು ಶುಚಿ ಮಾಡುತ್ತ ಕುಳಿತಿದ್ದಾಗ, ಅದರಲ್ಲಿದ್ದ ನಮ್ಮ ಸಂಘದ ಹಳೆಯ ಪ್ರೋಗ್ರಾಂ ಒಂದು ತೆರೆದುಕೊಂಡಿತಂತೆ. ಹಳೆಯ ಲೆಕ್ಕವಿರಬೇಕೆಂದು ನೋಡಿದರೆ ಅದೇ ವಾರದ ಲೆಕ್ಕ! ನಮ್ಮ ಸದಸ್ಯರ ಹೆಸರು, ಬಾಕಿ, ಎಲ್ಲವೂ ಇಳಕಲ್ಲಿನ ಪಡಸಾಲೆಯಲ್ಲಿ ಸಾಲಾಗಿ ಬಂದು ನಿಂತವು.

“ನಾ ಏನೂ ಮುಟ್ಟಿಲ್ರಿ, ತಕ್ಷಣ ಬಂದ್ ಮಾಡೀನಿ. ಆದ್ರ ನಾಳೆ ಅಲ್ಲಿ ಏನಾರ ಹೆಚ್ಚುಕಮ್ಮಿ ಆತಂದ್ರ ಎಲ್ಲಾರೂ ನನ್ನ ಕಡೆನ ಬಟ್ಟು ಮಾಡ್ತಾರ. ಫೋನಿನ್ಯಾಗ ಹೇಳೂ ಮಾತಲ್ಲ ಅಂತ ನಿಮ್ಮ ದಾರಿ ಕಾಯ್ತಿದ್ದೆ. ಆ ಕೀಲಿ ಮುಚ್ಚಿಬಿಡ್ರಿ” ಎಂದ.

ನಮಗೆ ಉತ್ತರ ತೋಚಲಿಲ್ಲ. ಆತ ಹೊರಡುವ ದಿನ ಸೈಕಲ್ ಕೀಲಿಕೈಗೂ ಸಹಿ ಹಾಕಿಸಿಕೊಂಡವರು ನಾವೇ.

ಆ ಸಂಜೆ ಬಾಗಲಕೋಟೆ ನವನಗರದಲ್ಲಿ ನಮ್ಮ ಸದಸ್ಯರೊಬ್ಬರ ನೆಂಟರ ಮನೆಯಲ್ಲಿ ಊಟ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ತಗ್ಗಿನ ಭಾಗ ಮುಳುಗಿದಾಗ ಎತ್ತಿ ಬಂದ ಕುಟುಂಬಗಳಲ್ಲಿ ಅದೂ ಒಂದು. ಮನೆಯ ಹಿರಿಯರು ದೇವರ ಕೋಣೆಯಿಂದ ಗೇಣುದ್ದದ ಕೀಲಿಕೈಯೊಂದನ್ನು ತಂದು ತೋರಿಸಿದರು. ಮುಳುಗಿದ ಮನೆಯದಂತೆ. ಆ ಕೀಲಿಕೈಯಿಂದ ಯಾರಿಗೂ ಅಪಾಯವಿಲ್ಲ. ಅದು ತೆರೆಯಬೇಕಾದ ಬಾಗಿಲೇ ಇಲ್ಲ. ನಮ್ಮ ಸಂಘದಲ್ಲಿ ಆಗಿದ್ದುದು ಇದರ ತಿರುಗುಮುರುಗು. ಬಾಗಿಲು ಇದೆ, ಒಳಗೆ ಸೊತ್ತಿದೆ, ಕೀಲಿಕೈ ಸಲೀಸಾಗಿ ತಿರುಗುತ್ತದೆ. ಅದನ್ನು ಹಿಡಿಯಬೇಕಾದ ಮನುಷ್ಯ ಮಾತ್ರ ಕೆಲಸದಲ್ಲಿಲ್ಲ.

ಈ ಖಾತೆ ಎಂದರೇನು?

ಕ್ಲೌಡ್, ಎಂದರೆ ಮೋಡ, ಎಂಬ ಹೆಸರು ಕೇಳಿ ಕೆಲವು ಸದಸ್ಯರು ನಗುವುದುಂಟು. ಅದು ಆಕಾಶದಲ್ಲಿಲ್ಲ. ಮಂಡಿಯವರ ಗೋದಾಮಿನಲ್ಲಿ ನಾವು ಬಾಡಿಗೆಗೆ ಜಾಗ ಹಿಡಿದು ಅಡಕೆ ಮೂಟೆ ಇಡುವಂತೆ, ದೊಡ್ಡ ಕಂಪನಿಯ ಕಂಪ್ಯೂಟರುಗಳಲ್ಲಿ ಬಾಡಿಗೆಗೆ ಜಾಗ ಪಡೆದು ನಮ್ಮ ಲೆಕ್ಕವನ್ನು ಇಡುವುದಷ್ಟೆ. ನಾವು ಬಳಸುತ್ತಿರುವ ಅಮೆಜಾನ್ ವೆಬ್ ಸರ್ವಿಸಸ್ ಎಂಬ ಸೇವೆಯ ಇಂಥ ಗೋದಾಮುಗಳು ಭಾರತದಲ್ಲಿ 2016ರಿಂದ ಮುಂಬಯಿಯಲ್ಲಿಯೂ 2022ರಿಂದ ಹೈದರಾಬಾದಿನಲ್ಲಿಯೂ ಇವೆ. ಗೋದಾಮಿನ ಕಟ್ಟಡವನ್ನು ಕಾಯುವುದು ಕಂಪನಿಯ ಹೊಣೆ. ನಮ್ಮ ಕೋಣೆಯ ಕೀಲಿಕೈ ಯಾರ ಯಾರ ಬಳಿ ಇದೆ ಎಂದು ನೋಡಿಕೊಳ್ಳುವುದು ನಮ್ಮ ಹೊಣೆ. ಈ ಎರಡನೆಯ ಮಾತನ್ನೇ ನಾವು ಮರೆತಿದ್ದೆವು.

ಕೀಲಿಕೈಗಳಲ್ಲಿ ಮೂರು ಬಗೆ. ಮೊದಲನೆಯದು ಮಾಲೀಕನ ಪ್ರವೇಶ. ಇದನ್ನು ರೂಟ್, ಎಂದರೆ ಬೇರು ಖಾತೆ ಎನ್ನುತ್ತಾರೆ. ಇದರಿಂದ ಖಾತೆಯನ್ನೇ ಮುಚ್ಚಿಬಿಡಬಹುದು. ಎರಡನೆಯದು ಒಬ್ಬೊಬ್ಬ ನೌಕರನಿಗೆ ಕೊಡುವ ಹೆಸರು ಮತ್ತು ಪಾಸ್‌ವರ್ಡ್. ಮೂರನೆಯದು ಪ್ರೋಗ್ರಾಂಗಳಿಗೆ ಕೊಡುವ ಆಕ್ಸೆಸ್ ಕೀ. ಇದು ಅಕ್ಷರ ಮತ್ತು ಅಂಕಿಗಳ ಎರಡು ಸಾಲು; ಒಂದು 20 ಅಕ್ಷರದ ಗುರುತು, ಇನ್ನೊಂದು 40 ಅಕ್ಷರದ ಗುಟ್ಟು. ಒಬ್ಬ ಬಳಕೆದಾರನ ಹೆಸರಿನಲ್ಲಿ ಇಂಥವು ಹೆಚ್ಚೆಂದರೆ ಎರಡು ಇರಬಹುದು. ಮನುಷ್ಯ ಕೂತು ಒತ್ತಬೇಕಾಗಿಲ್ಲ. ಯಂತ್ರ ತಾನೇ ಇದನ್ನು ತೋರಿಸಿ ಒಳಗೆ ಹೋಗುತ್ತದೆ.

ಈ ಮೂರನೆಯ ಬಗೆಯ ಕೀಲಿಕೈಗೆ ತಾನಾಗಿ ಅವಧಿ ಮುಗಿಯುವುದೆಂಬುದಿಲ್ಲ. ನಾವು ಮುಚ್ಚುವವರೆಗೆ ಅದು ನಡೆಯುತ್ತಲೇ ಇರುತ್ತದೆ. ಹಿಡಿದವನು ಯಾರು, ಅವನು ಇನ್ನೂ ಸಂಘದ ನೌಕರನೇ ಎಂದು ಅದು ಕೇಳುವುದಿಲ್ಲ. ಇಳಕಲ್ಲಿನ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದುದು ಇಂಥದೇ ಒಂದು.

ಬಳಸದಿದ್ದರೆ ಅಪಾಯವೇನು?

ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಉಳಿದ ಹಣ್ಣನ್ನೂ ನೆಲಕ್ಕೆ ಉದುರಿದ ಕಾಯಿಯನ್ನೂ ಆಯ್ದು ತೆಗೆಯಬೇಕೆಂದು ಕಾಫಿ ಮಂಡಳಿಯವರು ಹೇಳುತ್ತ ಬಂದಿದ್ದಾರೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡ ಕಾಯಿಕೊರಕ ಹುಳು ಮುಂದಿನ ಫಸಲಿನವರೆಗೆ ಬದುಕಿರುವುದು ಆ ಉಳಿಕೆ ಹಣ್ಣಿನಲ್ಲಿಯೇ. ಆ ಹಣ್ಣಿಗೆ ಬೆಲೆಯಿಲ್ಲವೆಂದು ನಾವು ಬಿಡುತ್ತೇವೆ. ನಮಗೆ ಬೇಡವಾದುದೇ ಹುಳುವಿಗೆ ಮನೆ. ಬಳಸದ ಕೀಲಿಕೈಯೂ ಹಾಗೆಯೇ. ದಿನವೂ ಬಳಸುವ ಪಾಸ್‌ವರ್ಡನ್ನು ಬೇರೆಯವರು ಬಳಸಿದರೆ ಇಂದಲ್ಲ ನಾಳೆ ಅದರ ಒಡೆಯನಿಗೆ ಅನುಮಾನ ಬರುತ್ತದೆ. ಯಾರೂ ಬಳಸದ ಕೀಲಿಕೈಗೆ ಕಾಯುವವರೇ ಇಲ್ಲ.

ಇದು ಬರಿಯ ಊಹೆಯಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ಕಂಪನಿ ತನ್ನ ತೈಲದ ಕೊಳವೆ ಮಾರ್ಗವನ್ನೇ ಹಲವು ದಿನ ನಿಲ್ಲಿಸಬೇಕಾಯಿತು. ಪೂರ್ವ ಕರಾವಳಿಯ ಪೆಟ್ರೋಲ್ ಬಂಕುಗಳ ಮುಂದೆ ಸಾಲು ನಿಂತಿತು. ಕಳ್ಳರು ಒಳಗೆ ಬಂದದ್ದು, ಬಳಕೆಯಲ್ಲಿಲ್ಲದಿದ್ದರೂ ಮುಚ್ಚದೆ ಬಿಟ್ಟಿದ್ದ ಒಂದು ಹಳೆಯ ದೂರಪ್ರವೇಶದ ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಒಂದೇ ಕಾವಲು, ಎರಡನೆಯ ಬೀಗವಿರಲಿಲ್ಲ. ಕಂಪನಿ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ತೆತ್ತಿತು.

ಸಿಸ್ಕೊ ಎಂಬ ಕಂಪನಿಯಲ್ಲಿ 2018ರ ಸೆಪ್ಟೆಂಬರಿನಲ್ಲಿ ನಡೆದದ್ದು ಇನ್ನೂ ನಮ್ಮ ಸಂಗತಿಗೆ ಹತ್ತಿರ. ಕೆಲಸ ಬಿಟ್ಟು ಸುಮಾರು ಐದು ತಿಂಗಳಾಗಿದ್ದ ಎಂಜಿನಿಯರೊಬ್ಬರು ಅಮೆಜಾನಿನಲ್ಲಿದ್ದ ಆ ಕಂಪನಿಯ ಖಾತೆಯೊಳಗೆ ಹೋಗಿ 456 ಯಂತ್ರಗಳನ್ನು ಅಳಿಸಿಹಾಕಿದರು. 16,000ಕ್ಕೂ ಹೆಚ್ಚು ಬಳಕೆದಾರರ ಖಾತೆಗಳು ಎರಡು ವಾರದವರೆಗೆ ನಿಂತವು. ಸರಿಪಡಿಸಲು ಸುಮಾರು 14 ಲಕ್ಷ ಡಾಲರ್, ಗ್ರಾಹಕರಿಗೆ ಮರಳಿಸಲು 10 ಲಕ್ಷಕ್ಕೂ ಹೆಚ್ಚು ಡಾಲರ್ ಖರ್ಚಾಯಿತು. ಆ ಎಂಜಿನಿಯರಿಗೆ 2020ರಲ್ಲಿ ಎರಡು ವರ್ಷದ ಸೆರೆವಾಸವಾಯಿತು.

ನಮ್ಮ ರಾಜ್ಯದಲ್ಲಿ ಈ ವಿಚಾರವನ್ನು ಮೊದಲೇ ಯೋಚಿಸಿದ ಉದಾಹರಣೆ ಪ್ರತಿಯೊಬ್ಬ ರೈತನ ಮನೆಯಲ್ಲಿಯೂ ಇದೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ, ತಾಲ್ಲೂಕು ಕಚೇರಿಯ ನೌಕರರು ಬರಿಯ ಪಾಸ್‌ವರ್ಡಿನಿಂದಲ್ಲದೆ ಬೆರಳಚ್ಚು ಕೊಟ್ಟು ಒಳಗೆ ಹೋಗುವ ಏರ್ಪಾಡು ಮಾಡಿದರು. ಬಾದಾಮಿಯಾಗಲಿ ಹುನಗುಂದವಾಗಲಿ ನಮ್ಮ ತಾಲ್ಲೂಕಾಗಲಿ ಎಲ್ಲ ಕಡೆಗೂ ಒಂದೇ ಕ್ರಮ. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಿ ಹೋಗಬಹುದು, ಬೆರಳನ್ನು ಬಿಟ್ಟು ಹೋಗಲಾಗದು. ತಿದ್ದಿದವನು ‘ನಾನಲ್ಲ’ ಎನ್ನುವಂತಿಲ್ಲ. ತಿದ್ದದವನ ಮೇಲೆ ಅಪವಾದ ಹೊರಿಸುವುದೂ ಸುಲಭವಲ್ಲ. ಈ ಎರಡನೆಯ ಲಾಭ ಮೊದಲನೆಯದಕ್ಕಿಂತ ಸಣ್ಣದಲ್ಲ.

ನಮ್ಮ ಖಾತೆಯಲ್ಲಿ ಕಂಡದ್ದು

ಪ್ರವಾಸದಿಂದ ಮರಳಿದ ಮರುದಿನವೇ ಖಾತೆಯ ಕೀಲಿಕೈಗಳ ವರದಿಯನ್ನು ತೆಗೆಸಿದೆವು. ಕ್ರೆಡೆನ್ಶಿಯಲ್ ರಿಪೋರ್ಟ್ ಎಂಬ ಈ ಪಟ್ಟಿಯನ್ನು ಯಾವ ಖರ್ಚೂ ಇಲ್ಲದೆ ಖಾತೆಯಿಂದಲೇ ಇಳಿಸಿಕೊಳ್ಳಬಹುದು. ಪ್ರತಿಯೊಂದು ಹೆಸರಿನ ಮುಂದೆ ಪಾಸ್‌ವರ್ಡನ್ನು ಕೊನೆಯ ಬಾರಿ ಬಳಸಿದ ದಿನ, ಆಕ್ಸೆಸ್ ಕೀಯನ್ನು ಕೊನೆಯ ಬಾರಿ ಬಳಸಿದ ದಿನ, ಎರಡನೆಯ ಬೀಗ ಇದೆಯೇ ಇಲ್ಲವೇ ಎಂಬುದು ಸಾಲಾಗಿ ಇರುತ್ತದೆ.

ಸಂಘದಲ್ಲಿ ಕಂಪ್ಯೂಟರ್ ಮುಟ್ಟುವವರು ನಾಲ್ವರು. ಪಟ್ಟಿಯಲ್ಲಿದ್ದ ಹೆಸರು ಹನ್ನೊಂದು! ನಾಲ್ವರ ಜೊತೆಗೆ ಮೂರು ಹೆಸರು ಯಂತ್ರಗಳವು: ರಾತ್ರಿ ಲೆಕ್ಕದ ನಕಲು ತೆಗೆಯುವುದು, ಸದಸ್ಯರ ಫೋನಿಗೆ ಸಂದೇಶ ಕಳಿಸುವುದು, ಖರೀದಿ ಕೇಂದ್ರದ ತೂಕದ ಯಂತ್ರ. ಉಳಿದ ನಾಲ್ಕು: ಇಳಕಲ್ಲಿನ ತರುಣ, ಒಂದು ವರ್ಷದ ಲೆಕ್ಕ ನೋಡಲು ಬಂದಿದ್ದ ಪರಿಶೋಧಕರು, ಎರಡು ತಿಂಗಳು ತರಬೇತಿಗೆ ಬಂದಿದ್ದ ಕಾಲೇಜು ವಿದ್ಯಾರ್ಥಿ, ತೀರಿಕೊಂಡ ನಮ್ಮ ಮಾಜಿ ಅಧ್ಯಕ್ಷರು. ಅಧ್ಯಕ್ಷರ ಹೆಸರನ್ನು ತೆಗೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅವರ ಭಾವಚಿತ್ರ ಸಭಾಂಗಣದ ಗೋಡೆಯಲ್ಲಿದೆ, ಅಲ್ಲಿರುವುದೇ ತಕ್ಕದ್ದು. ತೆರೆದ ಖಾತೆ ಅವರ ಸ್ಮಾರಕವಲ್ಲವೆಂದು ಆಡಳಿತ ಮಂಡಳಿ ಒಪ್ಪಿತು.

ನಲವತ್ತೈದು ದಿನ ಬಳಸದ ಕೀಲಿಕೈಯನ್ನು ಮುಚ್ಚಬೇಕೆಂಬುದು ಸೆಂಟರ್ ಫಾರ್ ಇಂಟರ್ನೆಟ್ ಸೆಕ್ಯುರಿಟಿ ಎಂಬ ಸಂಸ್ಥೆಯ ಮಾನದಂಡ. ಮೊದಲು ಇದು 90 ದಿನವಿತ್ತು. ಈ ಅಳತೆ ಹಿಡಿದು ನೋಡಿದಾಗ ಐದು ಹೆಸರು ಸಿಕ್ಕವು. ನಾಚಿಕೆಯ ಮಾತೆಂದರೆ ಅದರಲ್ಲೊಂದು ಕಾರ್ಯದರ್ಶಿಯದು. ಏಳು ತಿಂಗಳಿಂದ ಮುಟ್ಟಿರಲಿಲ್ಲ, ಎರಡನೆಯ ಬೀಗವಿರಲಿಲ್ಲ, ಅಧಿಕಾರ ಮಾತ್ರ ಎಲ್ಲರಿಗಿಂತ ಹೆಚ್ಚು.

ಇನ್ನೊಂದು ಮಾತನ್ನು ಗಮನಿಸಬೇಕು. ಆ ಐದರಲ್ಲಿ ಇಳಕಲ್ಲಿನ ಕೀಲಿಕೈ ಇರಲಿಲ್ಲ! ಆಗಸ್ಟಿನಲ್ಲಿ ಲ್ಯಾಪ್‌ಟಾಪ್ ತೆರೆದ ಕಾರಣ 45 ದಿನದ ಲೆಕ್ಕದಲ್ಲಿ ಅದು ‘ಬಳಕೆಯಲ್ಲಿದೆ’ ಎಂದೇ ಕಂಡಿತು. ಆದ ಕಾರಣ ದಿನ ಎಣಿಸಿದರೆ ಸಾಲದು; ಪಟ್ಟಿಯ ಹೆಸರುಗಳನ್ನು ಸಂಘದ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ನೋಡಬೇಕು.

ವರದಿಯಲ್ಲಿದ್ದ ಕೊನೆಯ ಬಳಕೆಯ ದಿನ ಆ ತರುಣ ಹೇಳಿದ ದಿನವೇ ಆಗಿತ್ತು. ಆದರೆ ಆ ವರದಿ ಕೊನೆಯ ಬಳಕೆಯನ್ನಷ್ಟೇ ಹೇಳುತ್ತದೆ, ಅದಕ್ಕೆ ಹಿಂದಿನ ಹದಿಮೂರು ತಿಂಗಳ ಮಾತನ್ನು ಹೇಳುವುದಿಲ್ಲ. ಅದಕ್ಕೆ ಆತನ ಮಾತೊಂದೇ ಸಾಕ್ಷಿ. ನಾವು ನಂಬಿದ್ದೇವೆ, ಲೆಕ್ಕವೂ ಸರಿಯಿದೆ. ಆದರೆ ಆ ಹದಿಮೂರು ತಿಂಗಳಲ್ಲಿ ಬೇರೆ ಯಾರೋ ಒಂದು ಬಾಕಿಯನ್ನು ತಿದ್ದಿದ್ದರೆ? ಕೀಲಿಕೈ ಮುಚ್ಚುವುದು ಬಿಟ್ಟುಹೋದವನ ಮೇಲಿನ ಅಪನಂಬಿಕೆಯೆಂದು ತಿಳಿದು ನಾವು ಸಂಕೋಚಪಡುತ್ತೇವೆ. ನಿಜ ಅದರ ವಿರುದ್ಧ. ಮುಚ್ಚದೆ ಬಿಟ್ಟರೆ ಪ್ರಾಮಾಣಿಕನೊಬ್ಬನನ್ನು ಸಾಕ್ಷಿಯಿಲ್ಲದ ಜಾಗದಲ್ಲಿ ನಿಲ್ಲಿಸಿದಂತಾಗುತ್ತದೆ.

ನಮ್ಮ ಎರಡನೆಯ ತಪ್ಪು

ಐದರಲ್ಲಿ ಒಂದು ತೂಕದ ಯಂತ್ರದ ಕೀಲಿಕೈ ಎಂದೆವಷ್ಟೆ. ಆರು ತಿಂಗಳಿಂದ ಬಳಕೆಯಿಲ್ಲವೆಂದು ಅದನ್ನೂ ಮುಚ್ಚಿದೆವು. ಡಿಸೆಂಬರಿನ ಮೊದಲ ವಾರ, ಕಾಫಿ ಹಣ್ಣಿನ ಖರೀದಿಯ ಮೊದಲ ಬೆಳಿಗ್ಗೆ, ಜೀಪುಗಳು ಸಾಲಾಗಿ ನಿಂತಿದ್ದಾಗ, ಯಂತ್ರ ತೂಗಿತೇ ಹೊರತು ಲೆಕ್ಕ ಕಚೇರಿಗೆ ಬರಲಿಲ್ಲ. ಅಂದು ಕೈಬರಹದ ಚೀಟಿ ಪಡೆದು ಬೇಸರಪಟ್ಟ ಸದಸ್ಯರು ಕಾರಣವೇನೆಂದು ಈಗ ತಿಳಿಯಬಹುದು. ಅದೃಷ್ಟಕ್ಕೆ ನಾವು ಅದನ್ನು ಮುಚ್ಚಿದ್ದೆವು, ಅಳಿಸಿರಲಿಲ್ಲ. ಮುಚ್ಚಿದ ಕೀಲಿಕೈಯನ್ನು ಮತ್ತೆ ತೆರೆಯಬಹುದು; ಅಳಿಸಿದ್ದು ಮರಳಿ ಬಾರದು. ಕಾಲು ಗಂಟೆಯಲ್ಲಿ ತೆರೆದು ಕೆಲಸ ನಡೆಸಿದೆವು.

ಹಾಗೆಂದು ಮುಚ್ಚಿದ್ದು ತಪ್ಪಲ್ಲ. ಬರೆದಿಡದೆ ಮುಚ್ಚಿದ್ದು ತಪ್ಪು. ಪಟ್ಟಣದ ಕಚೇರಿಗಳಿಗೆ ವರ್ಷದ ಎಲ್ಲ ತಿಂಗಳೂ ಒಂದೇ. ನಮ್ಮದು ಫಸಲಿನ ಲೆಕ್ಕ. ಹಂಗಾಮು ಮುಗಿದಾಗ ಗೋದಾಮಿಗೆ ಬೀಗ ಹಾಕಿ ಮುಂದಿನ ಹಂಗಾಮಿಗೆ ತೆಗೆಯುವಂತೆ, ಹಂಗಾಮಿನ ಕೀಲಿಕೈಯನ್ನೂ ಮಾರ್ಚಿನಲ್ಲಿ ಮುಚ್ಚಿ ನವೆಂಬರಿನಲ್ಲಿ ತೆರೆಯಬೇಕು, ಎರಡನ್ನೂ ವಹಿಯಲ್ಲಿ ಬರೆಯಬೇಕು.

ಅನುಸರಿಸಬೇಕಾದ ಕ್ರಮ

ಇತರ ಸಂಘಗಳ ಕಾರ್ಯದರ್ಶಿಗಳಿಗೂ ಉಪಯೋಗವಾಗಲೆಂದು ನಾವು ಈಗ ನಡೆಸುತ್ತಿರುವ ಕ್ರಮವನ್ನು ಕೆಳಗೆ ಕೊಟ್ಟಿದ್ದೇವೆ.

1. ಕೀಲಿಕೈಗಳ ವಹಿಯೊಂದನ್ನು ತೆರೆಯಿರಿ. ಹೆಸರು, ಹಿಡಿದವರು, ಯಾವ ಕೆಲಸಕ್ಕೆ, ಯಾವ ತಿಂಗಳುಗಳಲ್ಲಿ ಬಳಕೆ, ಕೊಟ್ಟ ದಿನ, ಮುಚ್ಚಿದ ದಿನ ಬರೆಯಿರಿ. ಗುಟ್ಟಿನ ಅಕ್ಷರಗಳನ್ನು ಮಾತ್ರ ವಹಿಯಲ್ಲಿ ಬರೆಯಕೂಡದು.

2. ಕೆಲಸ ಬಿಡುವವರ ಪಾಸ್‌ವರ್ಡ್ ಮತ್ತು ಆಕ್ಸೆಸ್ ಕೀ ಎರಡನ್ನೂ ಕೊನೆಯ ದಿನದ ಸಂಜೆಯೇ, ಅವರ ಎದುರಿನಲ್ಲಿಯೇ ಮುಚ್ಚಿ, ಇಬ್ಬರೂ ಸಹಿ ಮಾಡಿ. ಪಾಸ್‌ವರ್ಡ್ ಮುಚ್ಚಿದರೆ ಆಕ್ಸೆಸ್ ಕೀ ಮುಚ್ಚಿದಂತಾಗುವುದಿಲ್ಲ. ಇವೆರಡೂ ಬೇರೆ ಬೇರೆ.

3. ತಿಂಗಳಿಗೊಮ್ಮೆ ವರದಿ ತೆಗೆದು, 45 ದಿನ ಬಳಸದವನ್ನು ಗುರುತು ಮಾಡಿ, ಹಾಜರಿ ಪುಸ್ತಕಕ್ಕೆ ತಾಳೆ ನೋಡಿ.

4. ಸಂಬಂಧಪಟ್ಟವರನ್ನು ವಿಚಾರಿಸಿ. ಉತ್ತರ ಬಾರದಿದ್ದರೆ ಮುಚ್ಚಿ. ಉತ್ತರಕ್ಕಾಗಿ ಕಾಯುತ್ತ ತೆರೆದಿಡಬೇಡಿ.

5. ಮೊದಲು ಮುಚ್ಚಿ, ತಕ್ಷಣ ಅಳಿಸಬೇಡಿ. ಮನುಷ್ಯರದಾದರೆ ಹದಿನೈದು ದಿನ, ಯಂತ್ರದ್ದಾದರೆ ಒಂದು ಹಂಗಾಮು ಕಳೆದ ಮೇಲೆ ಅಳಿಸಿ.

6. ಬೇರು ಖಾತೆಗೆ ಆಕ್ಸೆಸ್ ಕೀ ಇರಲೇಕೂಡದು. ಅದಕ್ಕೂ ಉಳಿದ ಎಲ್ಲ ನೌಕರರಿಗೂ ಫೋನಿನ ಅಥವಾ ಬೇರೆ ಉಪಕರಣದ ಎರಡನೆಯ ಬೀಗ ಇರಲಿ. ಕ್ಲೌಡಿನೊಳಗೇ ನಡೆಯುವ ಪ್ರೋಗ್ರಾಂಗಳಿಗೆ ಶಾಶ್ವತ ಕೀಲಿಕೈಯ ಬದಲು, ಕೆಲವು ಗಂಟೆಗಳಲ್ಲಿ ತಾನೇ ಅವಧಿ ಮುಗಿಯುವ ತಾತ್ಕಾಲಿಕ ಕೀಲಿಕೈ ಕೊಡುವ ಏರ್ಪಾಡಿದೆ. ಅದನ್ನೇ ಬಳಸಿ.

7. ಕೆಲಸ ಬಿಟ್ಟವರ ಕೀಲಿಕೈ ಬಿಟ್ಟ ದಿನದ ನಂತರವೂ ಬಳಕೆಯಾಗಿದ್ದರೆ, ಮುಚ್ಚಿ ಸುಮ್ಮನಾಗಬೇಡಿ. ಆಡಳಿತ ಮಂಡಳಿಯ ಮುಂದಿಟ್ಟು ವಿಚಾರಿಸಿ. ಅಕ್ರಮ ಪ್ರವೇಶವೆಂದು ಕಂಡರೆ, 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ 6 ಗಂಟೆಯೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು.

ಸದಸ್ಯರು ಮಾಡಬೇಕಾದ್ದು

ಇದು ಕಚೇರಿಯವರ ಪಾಡು, ನಮಗೇನು ಎಂದು ಸದಸ್ಯರು ತಿಳಿಯಬಾರದು. ನಿಮ್ಮ ಪಾಸ್‌ಬುಕ್ಕಿಗೆ ಸೇರಿಸಿದ ಫೋನ್ ಸಂಖ್ಯೆಯೇ ನಿಮ್ಮ ಕೀಲಿಕೈ. ನಿಲ್ಲಿಸಿದ ಸಂಖ್ಯೆಯನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ಆಗ ನಿಮಗೆ ಬರಬೇಕಾದ ಗುಪ್ತ ಸಂಖ್ಯೆ ಯಾವ ಊರಿನ ಯಾರ ಕೈಗೋ ಹೋಗುತ್ತದೆ. ಆದ್ದರಿಂದ ಸಿಮ್ ಬದಲಿಸಿದವರು, ಬೆಂಗಳೂರಿನಲ್ಲಿರುವ ಮಕ್ಕಳ ಸಂಖ್ಯೆ ಕೊಟ್ಟು ಮರೆತವರು, ತೀರಿಕೊಂಡ ಹಿರಿಯರ ಸಂಖ್ಯೆಯನ್ನೇ ಉಳಿಸಿಕೊಂಡವರು ಈ ತಿಂಗಳೊಳಗೆ ಕಚೇರಿಗೆ ಬಂದು ಸರಿಪಡಿಸಿಕೊಳ್ಳಬೇಕಾಗಿ ವಿನಂತಿ. ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ, ‘ಕೀಲಿಕೈಗಳ ವಹಿ ಎಲ್ಲಿ?’ ಎಂದು ಕೇಳುವ ಹಕ್ಕೂ ಸದಸ್ಯರಿಗಿದೆ. ದಯವಿಟ್ಟು ಕೇಳಿರಿ.

ಇಳಕಲ್ಲಿನ ಕೀಲಿಕೈಯನ್ನು ನಾವು ಮರಳಿದ ದಿನವೇ ಮುಚ್ಚಿ, ಹದಿನೈದು ದಿನದ ಮೇಲೆ ಅಳಿಸಿ, ಹಾಗೆ ಮಾಡಿದ್ದೇವೆಂದು ಸಂಘದ ಮೊಹರು ಹಾಕಿದ ಪತ್ರವನ್ನು ಆ ತರುಣನಿಗೆ ಕಳಿಸಿದೆವು. ‘ಪತ್ರ ಮುಟ್ಟಿತು. ಈಗ ಹಗುರಾತು’ ಎಂದು ಉತ್ತರ ಬಂತು. ಅದನ್ನು ವಹಿಯ ಮೊದಲ ಪುಟಕ್ಕೆ ಅಂಟಿಸಿ ಇಟ್ಟಿದ್ದೇವೆ.